ಅಕ್ಕನ ಪೆಟ್ಟಿಗೆಗಳಿಗೆ ಎರಡು ಕೋಟು ಬಿಳಿ

೧೪ ಜುಲೈ, ಭಾನುವಾರ
ಮಧ್ಯಾಹ್ನದ ಊಟ ಮುಗಿಸಿ

ಅಕ್ಕನ ಮಗಳಾದರೂ ನನ್ನ ಲೆಕ್ಕದಲ್ಲಿ ನನ್ನದೇ ಮಗಳಾದವಳಿಗೆ, ನಿನ್ನ ಮಾವನ ತುಂಬು ಮನಸ್ಸಿನ ಆಶೀರ್ವಾದಗಳು.

ವ್ಯಾಪಾರದಲ್ಲಿ ನನ್ನನ್ನು ಸೋಲಿಸುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಬೇಕೆಂದು ಹೊರಟಿದ್ದ ಇಬ್ಬರು ನನ್ನ ಸುದ್ದಿ ಕೇಳಿ ಅರ್ಧ ದಾರಿಯಿಂದಲೇ ವಾಪಸ್ಸು ಹೋದರಂತೆ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ. ಮುಂದೆ ಓದುವಾಗ ನಿನಗೆ ಎಲ್ಲಾದರೂ ಅನುಮಾನ ಬಂದರೆ ಈ ಸಾಲಿಗೆ ಬಂದು ಧೈರ್ಯ ತಂದುಕೊಳ್ಳಬಹುದು.

ಪತ್ರ ಐದು ವಾರ ತಡವಾಯಿತು, ಕ್ಷಮಿಸು. ಪೆನ್ನು ಸಿಕ್ಕಾಗ ಕಾಗದ ಇರಲಿಲ್ಲ, ಎರಡೂ ಸಿಕ್ಕಾಗ ಧೈರ್ಯ ಇರಲಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಮಾಡಿದೆನಲ್ಲ, "ಮಾರಾಟ ಆಯ್ತು, ದುಡ್ಡು ಕಟ್ಟಾಯ್ತು" ಎಂದು ಹೇಳಿ ಇಟ್ಟೆನಲ್ಲ. ಅದಕ್ಕಿಂತ ಹೆಚ್ಚಿಗೆ ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನನ್ನ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಒಂದೇ ಒಂದು ಸೌಕರ್ಯ ಇದು.

ಮೊದಲು ಸುದ್ದಿ. ಅಕ್ಕನ ಎರಡೂ ಕಿವಿಗೆ ಮೆಷಿನ್ ಬಂದಿದೆ. ಅದರ ಅರ್ಧ ದುಡ್ಡು ನೀನು ಕಟ್ಟಿದ್ದೆ. ಉಳಿದ ಅರ್ಧ, ಅಂದರೆ ನಲವತ್ತೈದು ಸಾವಿರ, ಅಕ್ಕನ ಆ ಎರಡು ಸ್ಪೀಕರ್ ಮಾರಿ ಕಟ್ಟಬೇಕೆಂದು ನನಗೆ ವಹಿಸಿದ್ದೆ. ಮಾರಿದೆ, ಕಟ್ಟಿದೆ, ರಸೀದಿ ಇದರ ಜೊತೆಗಿದೆ. ನೀನು ಹೇಳಿದ್ದು ನಲವತ್ತೈದು. ನಾನು ನಲವತ್ತೆಂಟಕ್ಕೆ ಹೊಡೆದೆ. ಮೇಲಿನ ಮೂರು ಸಾವಿರ ನನ್ನ ಮಾತಿನ ಕೂಲಿ ಎಂದು ಇಟ್ಟುಕೊಂಡಿದ್ದೇನೆ.

ಹೇಗೆ ಮಾರಿದೆ ಅನ್ನುವುದನ್ನು ಕೇಳು. ಇದನ್ನು ನಿನ್ನ ಮಕ್ಕಳಿಗೂ ಹೇಳುವೆಯಂತೆ.

ನೀನು ಹೋದ ಸಂಜೆ ಬೆಡ್‌ಶೀಟು ಸುತ್ತಿದ ಆ ಎರಡು ಪೆಟ್ಟಿಗೆಗಳನ್ನು ನಮ್ಮ ನಡುಮನೆಯ ಮೇಜಿನ ಮೇಲೆ ಇಟ್ಟು ಬಿಚ್ಚಿದೆ. ನಿನ್ನ ಚೀಟಿ ಮೇಲೇ ಅಂಟಿಸಿತ್ತು. "ಮಾವ, ದಯವಿಟ್ಟು ಏನೂ ಮಾಡಬೇಡಿ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಸಾಕು." ಓದಿದೆ. ಎರಡು ಸಲ ಓದಿದೆ. ಒರೆಸಿದೆ ಕೂಡ. ಒರೆಸಿದ ಮೇಲೆಯೇ ನನ್ನ ಕಷ್ಟ ಶುರುವಾದದ್ದು. ಧೂಳು ಇದ್ದಾಗ ಮರ್ಯಾದೆಯಾಗಿ ಕಾಣುತ್ತಿದ್ದವು. ಧೂಳು ಹೋದ ಮೇಲೆ ನೋಡಿದರೆ ಒಂದರ ನೆತ್ತಿಯ ಮೇಲೆ ಲೋಟ ಇಟ್ಟ ಉಂಗುರ, ಇನ್ನೊಂದರ ಮೂಲೆ ಸವೆದು ಬೆಳ್ಳಗೆ, ಪಕ್ಕದಲ್ಲಿ ಬೆಕ್ಕು ಉಗುರು ಮಸೆದ ಗೀರುಗಳು. ನಾನು ಮೂವತ್ತೆಂಟು ವರ್ಷ ಗೋಡೆ, ಬಾಗಿಲು, ಕಿಟಕಿಗೆ ಬಣ್ಣ ಹೊಡೆದವನು. ನನ್ನ ಮನೆಯಿಂದ ಈ ಅವತಾರದಲ್ಲಿ ಒಂದು ಮರದ ವಸ್ತು ಹೊರಗೆ ಹೋದರೆ, ಪೇಂಟರ್ ಮನೆಯ ಮಾಲು ನೋಡ್ರಪ್ಪಾ ಅಂತ ಜನ ನಗುವುದಿಲ್ಲವೇ?

ನಿನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನೂ ಮಾಡಬೇಡಿ ಅಂತ ಬರೆದಿದಾಳಲ್ಲ ಹುಡುಗಿ."

"ಬಣ್ಣ ಹೊಡೀಬೇಡಿ ಅಂತ ಎಲ್ಲಿ ಬರೆದಿದಾಳೆ, ತೋರಿಸು ನೋಡೋಣ."

"ಏನೂ ಅಂದ್ರೆ ಅದೂ ಸೇರಿತು."

"ಅದು ನಿನ್ನ ಲೆಕ್ಕ. ಕೆಲಸ ಗೊತ್ತಿಲ್ಲದೋರಿಗೆ ಹೇಳೋ ಮಾತು ಅದು. ನನಗೆ ಕೆಲಸ ಗೊತ್ತು."

"ಒಂದು ಫೋನ್ ಮಾಡಿ ಕೇಳಿದ್ರೆ ನಿಮ್ಮ ನಾಲಿಗೆ ಸವೆಯುತ್ತಾ?"

ಸವೆಯುವುದಿಲ್ಲ, ಈಗ ಗೊತ್ತಾಗಿದೆ. ಅವತ್ತು ಗೊತ್ತಾಗಲಿಲ್ಲ. ಎಮರಿ ಪೇಪರ್ ಹಿಡಿದು ಚೆನ್ನಾಗಿ ಉಜ್ಜಿದೆ. ಗೀರುಗಳಿಗೆ ಪುಟ್ಟಿ ತುಂಬಿದೆ. ಪ್ರೈಮರ್ ಒಂದು ಕೋಟು. ಅದು ಒಣಗಿದ ಮೇಲೆ, ಹಲ್ಲಿನ ಡಾಕ್ಟರ ಕೋಣೆಗೆ ಹೊಡೆದು ಉಳಿದಿದ್ದ ಹೊಳಪಿನ ಬಿಳಿ ಎನಾಮೆಲ್ ಎರಡು ಕೋಟು. ಒಳಗಿನ ಕಪ್ಪು ಬಟ್ಟಲುಗಳಿಗೆ ಟೇಪು ಸುತ್ತಿ ಜೋಪಾನ ಮಾಡಿದೆ, ಅದನ್ನಾದರೂ ಒಪ್ಪಿಕೋ. ಹಿಂದುಗಡೆ ಒಂದು ಹಳೆಯ ಚೀಟಿ ಅಂಟಿತ್ತು, ಏನೋ ನಂಬರು, ಯಾರದೋ ಸಹಿ. ಅದರ ಮೇಲೂ ನೀಟಾಗಿ ಹೊಡೆದೆ. ಮುಗಿದಾಗ ನೋಡಬೇಕಿತ್ತು ನೀನು. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಒಂದು ಹನಿ ಇಳಿದಿಲ್ಲ, ಒಂದು ಬ್ರಷ್ಷಿನ ಗೆರೆ ಇಲ್ಲ. ನನ್ನ ಜೀವಮಾನದ ಕೆಲಸಗಳಲ್ಲಿ ಮೊದಲನೆಯದು ಅಂತ ಅಲ್ಲದಿದ್ದರೂ ಮೊದಲ ಮೂರರಲ್ಲಿ ಖಂಡಿತ ಬರುತ್ತದೆ.

ನಲವತ್ತೆಂಟು ಅಂದೆನಲ್ಲ, ಅದನ್ನು ನಲವತ್ತೈದು ಅಂತ ಓದಿಕೋ. ಬರೆಯುವ ಭರದಲ್ಲಿ ಮೂರು ಜಾಸ್ತಿ ಬಿದ್ದಿತ್ತು.

ಈಗ ಕೊಳ್ಳಲು ಬಂದವರ ವಿಷಯ. ನೀನು ಹಾಕಿದ್ದ ಜಾಹೀರಾತು ನೋಡಿ ನಿನಗೆ ಫೋನು ಮಾಡಿದ್ದರಲ್ಲ, ಗಡಿಯಾರ ರಿಪೇರಿಯವರು, ಅವರೇ. ಮೂರು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ತೆಳ್ಳಗಿನ ಮನುಷ್ಯ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹೆಗಲ ಚೀಲದಲ್ಲಿ ಅವರದೇ ಚಿಕ್ಕ ಆಂಪ್ಲಿಫೈಯರ್, ಅವರದೇ ವೈರು. ಬೇರೆಯವರ ಮನೆಯ ಊಟಕ್ಕೆ ತಮ್ಮ ತಟ್ಟೆ ತಗೊಂಡು ಬರುವಂಥ ಜನ. ಟೀ ಕೊಟ್ಟೆ, ಕುಡಿದರು. ಆಮೇಲೆ ನಾನು ಮೇಜಿನ ಮೇಲಿನ ಬಟ್ಟೆ ಸರ್ರನೆ ಎಳೆದು ತೋರಿಸಿದೆ.

ಅವರು ಫೋನು ತೆಗೆದು ನಿನ್ನ ಫೋಟೋ ನೋಡಿದರು, ಪೆಟ್ಟಿಗೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಫೋಟೋದಲ್ಲಿ ಇದ್ದವು ಇವೇನಾ?"

"ಅವೇ. ಸ್ವಲ್ಪ ಸ್ನಾನ ಮಾಡಿಸಿದೀನಿ."

ಹತ್ತಿರ ಹೋಗಿ ಮೂಸಿದರು. ಬೆರಳ ಗೆಣ್ಣಿನಿಂದ ಪಕ್ಕಕ್ಕೆ ತಟ್ಟಿದರು. ತಿರುಗಿಸಿ ಹಿಂದುಗಡೆ ಆ ಚೀಟಿ ಹುಡುಕಿದರು. ಸಿಗಲಿಲ್ಲ.

"ಯಜಮಾನ್ರೇ, ಇದಕ್ಕೆ ಬಣ್ಣ ಹೊಡೆದೋರು ಯಾರು?"

"ಯಾಕೆ, ಫಿನಿಷಿಂಗ್ ಚೆನ್ನಾಗಿಲ್ವಾ?"

"ಫಿನಿಷಿಂಗ್ ತುಂಬಾ ಚೆನ್ನಾಗಿದೆ. ಅದೇ ತೊಂದರೆ. ಕೀಳೋಕೆ ಬಹಳ ದಿನ ಬೇಕು."

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. ಆ ಪೆಟ್ಟಿಗೆಯ ಮೇಲೆ ಇದ್ದದ್ದು ಒಳ್ಳೆಯ ಮರದ ಒಂದು ಪದರವಂತೆ, ಉಗುರಿನಷ್ಟು ತೆಳ್ಳಗೆ. ಅದರ ಮೈಮೇಲಿನ ಗೆರೆಗಳು ಎರಡು ಪೆಟ್ಟಿಗೆಗೂ ಕೂಡಿಕೊಳ್ಳುವ ಹಾಗೆ ಒಂದೇ ಹಲಗೆಯಿಂದ ಕುಯ್ದದ್ದಂತೆ. ಐವತ್ತು ವರ್ಷದ ಹಿಂದೆ ಅದನ್ನು ಮಾಡಿದವನು ಒಂದೊಂದು ಜೋಡಿಗೂ ನಂಬರು ಬರೆದು ಸಹಿ ಹಾಕುತ್ತಿದ್ದನಂತೆ. "ನಾವು ದುಡ್ಡು ಕೊಡೋದು ಹಳೇದಕ್ಕೆ, ಹಳೇದು ಹಳೇದಾಗೇ ಇದ್ರೆ ಮಾತ್ರ" ಎಂದರು. ಲೋಟದ ಉಂಗುರ ಇದ್ದರೆ ತೊಂದರೆ ಇರಲಿಲ್ಲವೇ ಎಂದು ಕೇಳಿದೆ. "ಲೋಟದ ಉಂಗುರಕ್ಕೆ ಒಂದು ಸಾವಿರ ಕಡಿಮೆ ಕೇಳ್ತಿದ್ದೆ" ಎಂದರು.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಹಳೆಯದನ್ನು ಹೊಸದು ಮಾಡಿದರೆ ಬೆಲೆ ಏರುತ್ತದೆ ಎಂಬುದು ನನ್ನ ಅನ್ನದ ವಿದ್ಯೆ. ಅದೇ ವಿದ್ಯೆ ನನ್ನ ಮನೆಯ ಮೇಜಿನ ಮೇಲೆ ತಲೆಕೆಳಗಾಗಿ ಕೂತಿತ್ತು, ಹೊಳೆಯುತ್ತಾ.

ಆಮೇಲೆ ಅವರು ವೈರು ಜೋಡಿಸಿ ಹಾಡು ಹಾಕಿದರು. ಯಾವುದೋ ಹೆಂಗಸಿನ ದನಿ, ನಿಧಾನದ ಹಾಡು. ಒಳಗಿನದಕ್ಕೆ ಏನೂ ಆಗಿಲ್ಲ ಕಣೇ, ಪುಣ್ಯ. ಹಾಡುವವಳು ನಮ್ಮ ಕಿಟಕಿಯ ಹತ್ತಿರ, ಕ್ಯಾಲೆಂಡರಿನ ಕೆಳಗೆ ನಿಂತಿದ್ದಾಳೆ ಅನ್ನಿಸಿತು. ಅಡುಗೆ ಮನೆಯಿಂದ ನಿನ್ನ ಅತ್ತೆ ಬಂದು, ಯಾರು ಬಂದಿರೋದು ಎಂದು ಇಣುಕಿದಳು. ಗಡಿಯಾರದವರು ಕಣ್ಣು ಮುಚ್ಚಿ ಹಾಡು ಮುಗಿಯುವವರೆಗೂ ಕೂತರು. ಆಮೇಲೆ ಒಂದು ಬೆಲೆ ಹೇಳಿದರು. ನಾನು ಒಂದು ಬೆಲೆ ಹೇಳಿದೆ. ಅವರು ತಮ್ಮ ಬೆಲೆಯನ್ನೇ ಮತ್ತೆ ಹೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಹೆಗಲಿಗೆ ಹಾಕಿದರು. ನಾನು ಒಪ್ಪಿಕೊಂಡೆ.

ಎಷ್ಟಕ್ಕೆ ಎಂದು ಕೇಳಬೇಡ. ಮೂವತ್ತರ ಆಸುಪಾಸು ಅಂತಿಟ್ಟುಕೋ. ನನ್ನ ಪೆನ್ನು ಅದಕ್ಕಿಂತ ಕೆಳಕ್ಕೆ ಇಳಿಯಲು ಒಪ್ಪುತ್ತಿಲ್ಲ. ಮಿಕ್ಕದ್ದನ್ನು ನಾನು ಬಣ್ಣದ ಸ್ಪ್ರೇ ಮೆಷಿನ್ನಿಗೆಂದು ಕೂಡಿಟ್ಟಿದ್ದರಲ್ಲಿ ತೆಗೆದು ಭರ್ತಿ ಮಾಡಿದೆ. ಕ್ಲಿನಿಕ್ಕಿನವರಿಗೆ ಪೂರ್ತಿ ನಲವತ್ತೈದು ಹೋಗಿದೆ, ಅದರಲ್ಲಿ ಸುಳ್ಳಿಲ್ಲ.

ಇನ್ನು ಅಕ್ಕನ ಕಿವಿಯ ಸಮಾಚಾರ. ಹೋದ ತಿಂಗಳ ಕೊನೆಯಲ್ಲಿ ನಾನೇ ಕರೆದುಕೊಂಡು ಹೋದೆ. ಮೆಷಿನ್ ಕೂರಿಸುವ ಹುಡುಗಿ ತಾಳ್ಮೆಯವಳು. ಕಂಪ್ಯೂಟರಿಗೆ ಜೋಡಿಸಿ, ಒಂದೊಂದೇ ಶಬ್ದ ಕೇಳಿಸಿ, ಹೆಚ್ಚು ಕಡಿಮೆ ಮಾಡಿ, ಕೊನೆಗೆ ಎರಡೂ ಕಿವಿಯ ಹಿಂದೆ ಸಿಕ್ಕಿಸಿದಳು. ಹುಡುಗಿ ಕಾಗದ ಒಂದನ್ನು ಮಡಿಸಿದಳು. ಅಕ್ಕ ತಟ್ಟನೆ ಆ ಕಾಗದದ ಕಡೆ ತಿರುಗಿದಳು.

"ಅಮ್ಮಾ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಹೊರಗೆ ಯಾರೋ ಚಪ್ಪಲಿ ಎಳ್ಕೊಂಡು ಹೋಗ್ತಿದಾರೆ."

ನಾನು ಖುಷಿಗೆ ಏನೋ ಹೇಳಿದೆ. ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನು ನೋಡಿದಳು.

"ಇಷ್ಟು ವರ್ಷ ಹೀಗೇ ಕಿರುಚ್ತಿದ್ಯೇನೋ ನೀನು? ಅಕ್ಕಪಕ್ಕದವರು ಹೇಗೆ ತಡ್ಕೊಂಡ್ರು?"

ನಿನಗೋಸ್ಕರ ಕಿರುಚಿದ್ದು ಅಕ್ಕಾ ಅಂದರೆ ನಂಬಲಿಲ್ಲ. ನೀನು ಹುಟ್ಟಿದಾಗಿನಿಂದ ಕಿರುಚುತ್ತಿದ್ದೀ, ಆಗ ನನ್ನ ಕಿವಿ ಚೆನ್ನಾಗಿತ್ತು ಅಂದಳು. ನಿಜವೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಾತು ಜೋಡಿಸಿದ ಕಿವಿ ಅದು. ನಿನಗೆ ಗೊತ್ತಿದೆಯೋ ಇಲ್ಲವೋ, ಆ ಸ್ಪೀಕರ್ ಜೋಡಿ ಕೊಂಡದ್ದು ಅವಳ ಮೊದಲ ಬೋನಸ್ಸಿನಲ್ಲಿ. ದಿನವೆಲ್ಲ ಒಂದೇ ಕಿವಿಗೆ ಯಂತ್ರ ಕಚ್ಚಿಸಿಕೊಂಡು ಕೂರುವವಳು, ಸಂಜೆಯಾದರೂ ಎರಡೂ ಕಿವಿ ತುಂಬ, ಏನೂ ಕಚ್ಚಿಕೊಳ್ಳದೆ ಕೇಳಬೇಕು ಎನ್ನುತ್ತಿದ್ದಳು. ಮದುವೆಗೆ ಮೊದಲೇ ಕೊಂಡದ್ದು. ಭಾವ ಇದ್ದಾಗ ಅವುಗಳನ್ನು "ನಿನ್ನ ಅಕ್ಕನ ಹಿರೀ ಗಂಡಂದಿರು" ಎಂದು ಕರೆಯುತ್ತಿದ್ದರು. ಸಂಜೆ ಆರೂವರೆಯಿಂದ ಏಳೂವರೆ ಅವರಿಬ್ಬರ ಪಾಳಿ, ಆಮೇಲೆ ನನ್ನದು, ಎಂದು ನಗುತ್ತಿದ್ದರು.

ಕ್ಲಿನಿಕ್ಕಿನಿಂದ ನಡೆದೇ ಬಂದೆವು. ದಾರಿಯುದ್ದಕ್ಕೂ ಅಕ್ಕ ಒಂದೊಂದಕ್ಕೂ ನಿಲ್ಲುತ್ತಿದ್ದಳು. ಸೈಕಲ್ಲಿನ ಚೈನು, ಯಾರದೋ ಮನೆಯ ನಲ್ಲಿ, ತನ್ನ ಕೈಚೀಲದ ಜಿಪ್ಪು. ಜಿಪ್ಪನ್ನು ನಾಲ್ಕು ಸಲ ಎಳೆದಳು. ಆರೇಳು ವರ್ಷದಿಂದ ಅವಳು ಇಷ್ಟು ನೆಟ್ಟಗೆ ನಡೆಯುವುದನ್ನು ನೋಡಿರಲಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತೆಯ ಮಂಡಿನೋವು ಮೊದಲಿನಷ್ಟೇ ಇದೆ, ಬಾಯಿ ಮೊದಲಿಗಿಂತ ಚುರುಕಾಗಿದೆ. ನನಗೆ ಕಣ್ಣಿನ ಆಸ್ಪತ್ರೆಯ ಕಾಂಪೌಂಡಿನ ಕೆಲಸ ಸಿಕ್ಕಿದೆ, ಎರಡು ತಿಂಗಳು ಯೋಚನೆಯಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಆಫೀಸಿನ ಕೋಪವನ್ನು ಮನೆಗೆ ತರಬೇಡ. ನೀನು ಕೈಹಾಕಿದ ಕೆಲಸವೆಲ್ಲ ಹಸನಾಗಲಿ, ನಿನ್ನ ಮನೆಯಲ್ಲಿ ನಗು ಉಳಿಯಲಿ, ನಿನ್ನ ಮಾವನ ಹಾಗೆ ಬುದ್ಧಿವಂತರು ನಿನ್ನ ವಸ್ತುಗಳ ಹತ್ತಿರ ಬಾರದಿರಲಿ.

ಇಂತಿ ನಿನ್ನ ಒಳಿತನ್ನೇ ಬಯಸುವ,
ಮಾವ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಸಹಿ ಹಾಕಿ, ಮಡಿಸಿ, ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದೆ. ಗಡಿಯಾರದವರ ಹತ್ತಿರ ನಿನ್ನ ನಂಬರಿದೆ. ಅವರು ಹೇಳುವುದಿಲ್ಲ ಎಂದಿದ್ದಾರೆ. ಆದರೂ ನಾನೇ ಹೇಳಬೇಕು.

ಅವತ್ತು ಕ್ಲಿನಿಕ್ಕಿನಿಂದ ಮನೆಗೆ ಬಂದ ಅಕ್ಕ ಚಪ್ಪಲಿ ಬಿಟ್ಟು ನೇರ ತನ್ನ ಕೋಣೆಗೆ ಹೋದಳು. ಕಪಾಟಿನ ಮುಂದೆ ನಿಂತಳು. ಅಲ್ಲಿ ಧೂಳಿನ ನಡುವೆ ಎರಡು ಚೌಕ ಖಾಲಿ ಜಾಗ.

"ಪೆಟ್ಟಿಗೆಗಳನ್ನ ಯಾವಾಗ ತರ್ತೀಯೋ? ಒರೆಸೋಕೆ ಇಷ್ಟು ದಿನ ಬೇಕಾ?"

ಮಾರಿದೆವು ಅಕ್ಕ, ನಿನ್ನನ್ನು ಕೇಳಿಯೇ ಮಾರಿದ್ದು, ಅಂದೆ. ಮೆಲ್ಲಗೆ ಅಂದೆ, ಆದರೂ ಕೇಳಿಸಿತು. ಅವಳು ಜಗಳ ಮಾಡಲಿಲ್ಲ. "ಹೌದಾ, ಹೋಗ್ಲಿ ಬಿಡು" ಅಂದಳು. ಮಂಚದ ಮೇಲೆ ಕೂತು, ಎರಡೂ ಮೆಷಿನ್ ಕಿವಿಯಿಂದ ಬಿಚ್ಚಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಆರು ದಿನ ಮತ್ತೆ ಹಾಕಿಕೊಳ್ಳಲಿಲ್ಲ. ಕೇಳಿದರೆ, ಕಿವಿ ನೋಯುತ್ತೆ ಅನ್ನುತ್ತಿದ್ದಳು.

ನೀನು ಅವಳನ್ನು ಕೇಳಿದ್ದೆ, ನಿಜ. ಊಟದ ಹೊತ್ತಿನಲ್ಲಿ, ಎದುರಿಗೆ ಕೂತು, ಸ್ಪೀಕರ್ ಮಾರಿ ಮೆಷಿನ್ ತಗೊಳ್ಳೋಣ ಅಮ್ಮಾ ಅಂದೆ. ಅವಳು ಹೂಂ ಅಂದಳು. ನೀನು ನಂಬಿದೆ. ಅದರಲ್ಲಿ ನಿನ್ನ ತಪ್ಪಿಲ್ಲ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳಿಗೆ ಒಂದು ಮಾತೂ ತಲುಪಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಏಳು ವರ್ಷ ಮೇಷ್ಟ್ರ ಮುಂದೆ ನಾನು ಅದೇ ಹೂಂ ಹೇಳಿಕೊಂಡು ಕೂತವನು. ಇನ್ನೊಂದು ಸಲ ಕೇಳಿದರೆ ಎದುರಿನವರಿಗೆ ಬೇಸರವಾಗುತ್ತದಲ್ಲ ಎಂದು ಹೇಳುವ ಹೂಂ ಅದು. ನಾನು ಅವಳ ಕೈಮೇಲೆ ಬರೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಅಷ್ಟು ಹೊತ್ತಿಗೆ ನೀನು "ಮಾವ, ಇದನ್ನ ನೀವೇ ಮಾರಿಕೊಡಬೇಕು, ನಿಮ್ಮಷ್ಟು ಜಾಣರು ಯಾರಿದಾರೆ" ಅಂದಿದ್ದೆ. ಆ ಮಾತು ನನಗೆ ಬೇಕಿತ್ತು.

ಏಳನೆಯ ದಿನ ಬಸ್ಸು ಹತ್ತಿ ಗಡಿಯಾರದವರ ಅಂಗಡಿಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡೂ ಇದ್ದವು. ಒಂದರ ಬಣ್ಣ ಪೂರ್ತಿ ಕೆರೆದು ಮರ ಕಾಣುತ್ತಿತ್ತು, ನಾನು ಉಜ್ಜಿದ ಕಡೆ ಪದರ ಹರಿದು ತೇಪೆಯ ಹಾಗಿತ್ತು. ಇನ್ನೊಂದು ಹಾಗೇ ಬೆಳ್ಳಗೆ ಹೊಳೆಯುತ್ತಿತ್ತು. ವಾಪಸ್ಸು ಕೊಡಿ ಎಂದೆ. ಆಗುವುದಿಲ್ಲ ಎಂದರು. ಅಕ್ಕನ ವಿಷಯ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಮೊದಲೇ ಗೊತ್ತಿದ್ರೆ ತಗೊಳ್ತಾನೇ ಇರ್ಲಿಲ್ಲ. ಕೇಳೋರು ಇದ್ದಾರೆ ಅಂದ್ಮೇಲೆ ನನ್ನ ಹತ್ರ ಇರಬಾರ್ದು, ತಗೊಂಡು ಹೋಗಿ. ಆದ್ರೆ ನಾನು ಕೊಟ್ಟ ದುಡ್ಡಿನ ಮೇಲೆ ನನ್ನ ಹದಿನೆಂಟು ದಿನದ ಕೈಕೆಲಸಾನೂ ಕೊಡ್ಬೇಕು. ನೀವು ಯಾರ ಮನೆಗಾದ್ರೂ ಪುಕ್ಕಟೆ ಬಣ್ಣ ಹೊಡೀತೀರಾ?"

ಹೊಡೆಯುವುದಿಲ್ಲ ಎಂದೆ. ಚೌಕಾಸಿ ಮಾಡಲಿಲ್ಲ. ಇಪ್ಪತ್ತಾರು ಕೇಳಿದರು, ಎಣಿಸಿ ಕೊಟ್ಟೆ.

ಅಕ್ಕನ ಕಪಾಟಿನಲ್ಲಿ ಈಗ ಒಂದು ತೇಪೆಯದು, ಒಂದು ಬಿಳಿಯದು ಕೂತಿವೆ. ಅಕ್ಕ ನೋಡಿ, ಇದೇನೋ ಒಂದಕ್ಕೆ ಮದುವೆ ಆಗಿದೆ, ಒಂದಕ್ಕೆ ಆಗಿಲ್ಲ ಅನ್ನೋ ಥರ ಮಾಡಿದೀಯಾ ಎಂದು ನಕ್ಕಳು. ಡಬ್ಬಿ ತೆಗೆದು ಮೆಷಿನ್ ಹಾಕಿಕೊಂಡಳು. ಹಾಡು ಹಾಕಿದೆ. ತುಂಬ ಹೊತ್ತು ಕೇಳಿ, "ಮೊದಲಿನ ಹಾಗಿಲ್ಲ ಕಣೋ, ತಗಡಿನ ಮೇಲೆ ಹಾಡಿದ ಹಾಗಿದೆ" ಅಂದಳು. ಬಣ್ಣದಿಂದಲಾ ಅಕ್ಕ, ಅಂದೆ. ಅಲ್ಲ, ಕಿವಿಯಿಂದ, ಅಂದಳು. ಮೆಷಿನ್ ಕೂರಿಸಿದ ಹುಡುಗಿಯನ್ನು ಕೇಳಿದೆ. ಮಾತಿಗೆ ಬೇಗ ಹೊಂದಿಕೊಳ್ಳುತ್ತೆ, ಹಾಡಿಗೆ ತಿಂಗಳುಗಟ್ಟಲೆ ಬೇಕು, ಪೂರ್ತಿ ಮೊದಲಿನ ಹಾಗೆ ಬರುತ್ತೆ ಅಂತ ಹೇಳಲಾರೆ ಅಂದಳು. ಅಕ್ಕ ಆದರೂ ದಿನಾ ಆರೂವರೆಗೆ ಕೂರುತ್ತಿದ್ದಾಳೆ. ನಾನೂ ಕೂರುತ್ತೇನೆ, ಬಾಯಿ ಮುಚ್ಚಿಕೊಂಡು.

ಮೂವತ್ತರ ಆಸುಪಾಸು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಗಡಿಯಾರದವರು ಅವತ್ತು ಕೊಟ್ಟದ್ದು ಹದಿನಾಲ್ಕು. ಅಕ್ಕನ ಮೆಷಿನ್ನಿಗೆ ನಾನು ಕೈಯಿಂದ ಸೇರಿಸಿದ್ದು ಮೂವತ್ತೊಂದು. ವಾಪಸ್ಸು ತರಲು ಇಪ್ಪತ್ತಾರು. ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ, ಮೊದಲು ನಿನಗೇ ಹೇಳುತ್ತಿದ್ದೇನೆ. ಐವತ್ತೇಳು ಸಾವಿರ ಹೋಯಿತು. ಬಸ್ಸಿನ ಚಾರ್ಜು ಸೇರಿಸಿಲ್ಲ.